ಲೆಮ್ಮಿಯಲ್ಲಿ ಇನ್‌ಸ್ಟೆನ್ಸ್, ಫೆಡರೇಶನ್, ಡಿಫೆಡರೇಟ್ ಅಂದ್ರೆ ಏನು?

2023ರಲ್ಲಿ ರೆಡ್ಡಿಟ್ ತನ್ನ ಎಪಿಐಗೆ (ಬೇರೆ ಆ್ಯಪ್‌ಗಳು ಅದರ ಡೇಟಾ ಪಡೆಯೋ ದಾರಿ) ದುಡ್ಡು ಕೇಳೋಕೆ ಹೊರಟಾಗ ಸಿಟ್ಟಾಗಿ ತುಂಬಾ ಜನ ಲೆಮ್ಮಿ ಅನ್ನೋ ರೆಡ್ಡಿಟ್ ಥರದ್ದೇ ಚರ್ಚಾ ವೇದಿಕೆ ಕಡೆ ಬಂದ್ರು, ಬಂದೋರಿಗೆ ಮೊದಲು ತಲೆಕೆಡಿಸಿದ್ದು ಈ ‘ಇನ್‌ಸ್ಟೆನ್ಸ್’. ಏನಿಲ್ಲ, ಲೆಮ್ಮಿ ಸಾಫ್ಟ್‌ವೇರ್ ಹಾಕ್ಕೊಂಡು ಯಾರೋ ನಡೆಸ್ತಿರೋ ಸರ್ವರ್ ಅಷ್ಟೇ, ಅಡ್ಮಿನ್ ಬೇರೆ, ರೂಲ್ಸ್ ಬೇರೆ, ಖರ್ಚು ಅವರ ಜೇಬಿಂದ ಇಲ್ಲಾ ದೇಣಿಗೆಯಿಂದ. ಜಿಮೇಲ್‌ನಿಂದ ಯಾಹೂಗೆ ಮೇಲ್ ಹೋಗೋ ಥರ ಒಂದು ಇನ್‌ಸ್ಟೆನ್ಸಲ್ಲಿ ಅಕೌಂಟ್ ಇರೋರು ಇನ್ನೊಂದರ ಕಮ್ಯುನಿಟಿಯಲ್ಲಿ (ಒಂದೊಂದು ವಿಷಯಕ್ಕಿರೋ ಚರ್ಚಾ ಗುಂಪು) ಬರೀಬಹುದು, ಇದು ಫೆಡರೇಶನ್. ಇದನ್ನ ನಡೆಸೋ ಪ್ರೋಟೊಕಾಲ್ ಹೆಸರು ಆಕ್ಟಿವಿಟಿಪಬ್, ಟ್ವಿಟರ್ ಥರದ ಮಾಸ್ಟೊಡಾನ್ ಕೂಡ ಇದನ್ನೇ ಬಳಸುತ್ತೆ, ಎಲ್ಲಾ ಸೇರಿ ಫೆಡಿವರ್ಸ್.

ಇಷ್ಟು ಎಲ್ಲಾ ಕಡೆ ಸಿಗುತ್ತೆ. ಆದ್ರೆ ಕಾಪಿ ವಿಷಯ ಗೊತ್ತಾಗದೆ ಉಳಿದಿದ್ದು ಅರ್ಥ ಆಗಲ್ಲ. ಕಮ್ಯುನಿಟಿ ಹುಟ್ಟಿದ ಇನ್‌ಸ್ಟೆನ್ಸಲ್ಲಿರೋದೇ ಮೂಲ, ಬೇರೆ ಕಡೆ ಕಾಣೋದೆಲ್ಲ ಅದರ ಕಾಪಿ, ಆ ಕಾಪಿನೂ ತಾನಾಗೇ ಬರಲ್ಲ, ನಿಮ್ಮ ಇನ್‌ಸ್ಟೆನ್ಸಲ್ಲಿ ಒಬ್ರಾದ್ರೂ ಸಬ್‌ಸ್ಕ್ರೈಬ್ ಆದ್ಮೇಲೇ ಹೊಸ ಪೋಸ್ಟ್‌ಗಳು ಬರ್ತಾ ಇರೋದು. ಹಾಗಾಗಿ ‘ಆಲ್’ ಅನ್ನೋ ಫೀಡಲ್ಲಿ ಇಡೀ ಲೆಮ್ಮಿ ಇರಲ್ಲ, ನಿಮ್ಮ ಇನ್‌ಸ್ಟೆನ್ಸಿನವರು ಹಿಂಬಾಲಿಸ್ತಿರೋದು, ಜೊತೆಗೆ ಅಲ್ಲೇ ಹುಟ್ಟಿದ ಕಮ್ಯುನಿಟಿಗಳದ್ದು ಮಾತ್ರ ಇರುತ್ತೆ (ಹೆಸರಿಟ್ಟೋರಿಗೆ ದೊಡ್ಡ ನಮಸ್ಕಾರ). ಸಣ್ಣ ಇನ್‌ಸ್ಟೆನ್ಸ್ ಸೇರಿದೋರಿಗೆ ಎಲ್ಲಾ ಖಾಲಿಖಾಲಿ ಅನ್ಸೋದು ಇದಕ್ಕೇ.

ಇನ್ನು ಡಿಫೆಡರೇಟ್. ಒಂದು ಇನ್‌ಸ್ಟೆನ್ಸ್ ಇನ್ನೊಂದರ ಜೊತೆ ಮಾತು ಬಿಡೋದು. 2023ರ ಜೂನಲ್ಲೇ ಬೀಹಾ ಅನ್ನೋ ಇನ್‌ಸ್ಟೆನ್ಸ್ ದೊಡ್ಡದಾದ ಲೆಮ್ಮಿ ವರ್ಲ್ಡನ್ನೇ ಬ್ಲಾಕ್ ಮಾಡ್ತು, ಅಲ್ಲಿ ಯಾರು ಬೇಕಾದ್ರೂ ಅಕೌಂಟ್ ತೆಗೀಬಹುದಿತ್ತು, ಬಂದು ಗಲಾಟೆ ಮಾಡೋರನ್ನ ಸಂಭಾಳಿಸೋಕೆ ಬೀಹಾದಲ್ಲಿದ್ದ ಮಾಡರೇಟರ್‌ಗಳೂ ಸಾಲಲಿಲ್ಲ ಟೂಲ್‌ಗಳೂ ಸಾಲಲಿಲ್ಲ. ಬೈಗುಳ ಸಿಕ್ಕಾಪಟ್ಟೆ ಬಿತ್ತು, ನನಗಂತೂ ಅವರು ಮಾಡಿದ್ದು ಸರಿ ಅನ್ಸುತ್ತೆ. ತಮಾಷೆ ಏನಂದ್ರೆ ಹಿಂಗೆ ಕಟ್ ಆದ್ಮೇಲೂ ಬೀಹಾ ಕಮ್ಯುನಿಟಿಗಳ ಹಳೇ ಕಾಪಿ ಲೆಮ್ಮಿ ವರ್ಲ್ಡಲ್ಲಿ ಹಾಗೇ ಉಳಿಯುತ್ತೆ, ಜನ ಅದರಲ್ಲಿ ಕಾಮೆಂಟ್ ಹಾಕ್ತಾನೇ ಇರ್ತಾರೆ, ಅದು ಅವರ ಇನ್‌ಸ್ಟೆನ್ಸಿನೋರಿಗೆ ಬಿಟ್ಟು ಬೇರೆ ಯಾರಿಗೂ ಕಾಣಲ್ಲ, ಯಾಕಂದ್ರೆ ಎಲ್ಲರಿಗೂ ಹಂಚೋ ಕೆಲಸ ಮೂಲ ಇನ್‌ಸ್ಟೆನ್ಸಿಂದು.

ಅದಕ್ಕೇ ಅಕೌಂಟ್ ಮಾಡೋಕೆ ಮುಂಚೆ ಆ ಇನ್‌ಸ್ಟೆನ್ಸ್ ಅಡ್ರೆಸ್ ಕೊನೇಲಿ ಒಂದು ಸ್ಲ್ಯಾಶ್ ಹಾಕಿ ಇಂಗ್ಲಿಷಲ್ಲಿ instances ಅಂತ ಟೈಪ್ ಮಾಡಿ ನೋಡಿ, ಯಾರ ಜೊತೆ ಲಿಂಕ್ ಇದೆ, ಯಾರನ್ನ ಬ್ಲಾಕ್ ಮಾಡಿದ್ದಾರೆ ಅನ್ನೋ ಪಟ್ಟಿ ಸಾಮಾನ್ಯವಾಗಿ ಅಲ್ಲೇ ಇರುತ್ತೆ.