ಮರಕೆತ್ತನೆಯ ಸ್ಪರ್ಧೆ: ನನ್ನ ವೇಣುಗೋಪಾಲನನ್ನು ಯಾವ ವಿಭಾಗದಲ್ಲಿ ಇಡಬೇಕು?

ಪ್ರಶ್ನೆ: ಅಮೆರಿಕದಲ್ಲಿ ನೆಲೆಸಿರುವ ನಾನು ಕೆಲವು ವರ್ಷಗಳಿಂದ ಹವ್ಯಾಸವಾಗಿ ಮರ ಕೆತ್ತುತ್ತಿದ್ದೇನೆ. ಬಾಸ್‌ವುಡ್ ಎಂಬ ಮೃದುವಾದ ಮರದಲ್ಲಿ ಕೆತ್ತಿದ, ಬಣ್ಣ ಹಚ್ಚದ ವೇಣುಗೋಪಾಲನ ಮೂರ್ತಿಯೊಂದನ್ನು ಇಲ್ಲಿನ ಸ್ಪರ್ಧೆಯಲ್ಲಿ ಇಡಬೇಕೆಂಬ ಆಸೆಯಿದೆ. ಪ್ರವೇಶಪತ್ರದಲ್ಲಿ ಹತ್ತಾರು ವಿಭಾಗಗಳಿವೆ, ಅವುಗಳಲ್ಲಿ ಯಾವುದನ್ನು ಗುರುತು ಮಾಡಬೇಕೆಂದು ತಿಳಿಯುತ್ತಿಲ್ಲ. ತೀರ್ಪುಗಾರರು ಏನನ್ನು ನೋಡಿ ಬಹುಮಾನ ಕೊಡುತ್ತಾರೆ?

ಉತ್ತರ: ಈ ಎರಡು ಪ್ರಶ್ನೆಗಳು ಬೇರೆಬೇರೆಯಾಗಿ ಕಂಡರೂ ಎರಡಕ್ಕೂ ಉತ್ತರ ಒಂದೇ ಕಡೆ ಇದೆ. ತೀರ್ಪುಗಾರರು ನಿಮ್ಮ ಮೂರ್ತಿ ಚೆನ್ನಾಗಿದೆಯೇ ಎಂದು ಒಂಟಿಯಾಗಿ ನಿರ್ಣಯಿಸುವುದಿಲ್ಲ. ಅದೇ ಮೇಜಿನ ಮೇಲೆ, ಅದೇ ವಿಭಾಗದ ಚೀಟಿಯಡಿ ಇಟ್ಟಿರುವ ಇತರ ಕೃತಿಗಳೊಡನೆ ಹೋಲಿಸಿ ಯಾವುದು ಮೊದಲು, ಯಾವುದು ಅನಂತರ ಎಂದು ನಿರ್ಧರಿಸುತ್ತಾರೆ. ಆದ್ದರಿಂದ ಪ್ರವೇಶಪತ್ರದಲ್ಲಿ ನೀವು ಮಾಡುವ ಗುರುತೇ ನಿಮ್ಮ ಕೃತಿಯನ್ನು ಯಾವ ಅಳತೆಗೋಲಿನಿಂದ ಅಳೆಯಬೇಕೆಂಬುದನ್ನು ತೀರ್ಮಾನಿಸುತ್ತದೆ. ವಿಭಾಗದ ಆಯ್ಕೆಯನ್ನು ಕಚೇರಿಯ ಕಾಗದಪತ್ರದ ಕೆಲಸವೆಂದು ಭಾವಿಸಿ ಕೊನೆಯ ಕ್ಷಣದಲ್ಲಿ ಮಾಡುವವರು ಒಳ್ಳೆಯ ಕೃತಿಯೊಡನೆ ಬರಿಗೈಯಲ್ಲಿ ಮರಳುವುದು ಅಪರೂಪವೇನಲ್ಲ.

ಭಾರತದಲ್ಲಿ ಕರಕುಶಲ ಕಲೆಗೆ 1965ರಿಂದ ನೀಡಲಾಗುತ್ತಿರುವ ರಾಷ್ಟ್ರಪ್ರಶಸ್ತಿಯನ್ನೋ 2002ರಲ್ಲಿ ಆರಂಭವಾದ ಶಿಲ್ಪಗುರು ಪ್ರಶಸ್ತಿಯನ್ನೋ ಮನಸ್ಸಿನಲ್ಲಿಟ್ಟುಕೊಂಡು ಬಂದವರಿಗೆ ಅಮೆರಿಕದ ವ್ಯವಸ್ಥೆ ವಿಚಿತ್ರವೆನಿಸಬಹುದು. ಭಾರತದಲ್ಲಿ ಗೌರವ ಸಲ್ಲುವುದು ಕಸುಬನ್ನೇ ಬದುಕಾಗಿಸಿಕೊಂಡ ಕುಶಲಕರ್ಮಿಗೆ, ಅವರ ವರ್ಷಗಳ ಅನುಭವಕ್ಕೂ ಅದರಲ್ಲಿ ಬೆಲೆಯಿದೆ. ಇಲ್ಲಿನ ಸ್ಪರ್ಧೆಗಳು ಬೆಳೆದದ್ದು ಹವ್ಯಾಸಿಗಳ ಕ್ಲಬ್ಬುಗಳಿಂದ. ಅವುಗಳಲ್ಲಿ ಹೆಸರುವಾಸಿಯಾದ ಇಂಟರ್‌ನ್ಯಾಷನಲ್ ವುಡ್‌ಕಾರ್ವರ್ಸ್ ಕಾಂಗ್ರೆಸ್ 1966ರಲ್ಲಿ ಅಯೋವಾ ರಾಜ್ಯದ ಡೇವನ್‌ಪೋರ್ಟ್‌ನಲ್ಲಿ ಆರಂಭವಾಯಿತು. ನಿವೃತ್ತ ಶಿಕ್ಷಕ, ರೈತ, ವೈದ್ಯ, ಶಾಲಾ ಬಾಲಕ ಎಲ್ಲರೂ ತಮ್ಮ ಕೆಲಸವನ್ನು ತಂದಿಡುವ ಜಾಗದಲ್ಲಿ ಎಲ್ಲರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿದರೆ ಹೊಸಬರು ಮರುವರ್ಷ ಬರುವುದೇ ಇಲ್ಲ. ಹಂತಗಳು ಹುಟ್ಟಿದ್ದು ಈ ಕಾರಣಕ್ಕೆ.

ಹಂತವೆಂದರೆ ಕೆತ್ತಿದವರ ಅನುಭವದ ವರ್ಗೀಕರಣ. ಹೆಸರುಗಳು ಪ್ರದರ್ಶನದಿಂದ ಪ್ರದರ್ಶನಕ್ಕೆ ಬದಲಾದರೂ ಹೊಸಬರು, ಮಧ್ಯಮ, ಮುಕ್ತ ಅಥವಾ ಪರಿಣತ ಎಂಬ ಮೂರು ಮೆಟ್ಟಿಲುಗಳು ಬಹುತೇಕ ಎಲ್ಲೆಡೆ ಇರುತ್ತವೆ. ಮಕ್ಕಳಿಗೆ ಪ್ರತ್ಯೇಕ ವರ್ಗವಿರುವುದೂ ಉಂಟು. ನಿಮ್ಮ ಹಂತವನ್ನು ನೀವೇ ಆರಿಸಿಕೊಳ್ಳುತ್ತೀರಿ, ಆದರೆ ಒಮ್ಮೆ ಮೇಲೆ ಹತ್ತಿದವರು ಕೆಳಗಿಳಿಯುವಂತಿಲ್ಲವೆಂಬುದು ಸಾಮಾನ್ಯ ನಿಯಮ. ಕೆಳಹಂತದಲ್ಲಿ ನಿಗದಿತ ಸಂಖ್ಯೆಯ ಪ್ರಥಮ ಬಹುಮಾನ ಗೆದ್ದವರು ಕಡ್ಡಾಯವಾಗಿ ಮೇಲೇರಬೇಕೆಂಬ ನಿಯಮವೂ ಅನೇಕ ಕಡೆ ಇದೆ. ಕೆಲವು ವರ್ಷಗಳಿಂದ ಕೆತ್ತುತ್ತಿದ್ದರೂ ಎಂದೂ ಸ್ಪರ್ಧಿಸದ ನಿಮ್ಮಂಥವರಿಗೆ ಹೊಸಬರ ಹಂತ ತೆರೆದೇ ಇರುತ್ತದೆ. ಆದರೂ ಕೈ ಪಳಗಿದವರು ಮಧ್ಯಮ ಹಂತದಿಂದಲೇ ಆರಂಭಿಸುವುದು ಮೇಲೆಂದು ನನ್ನ ಅಭಿಪ್ರಾಯ, ಏಕೆಂದರೆ ಸುಲಭವಾಗಿ ಸಿಕ್ಕ ಬಹುಮಾನದ ರಿಬ್ಬನ್ನಿಗಿಂತ ಸರಿಸಮಾನರ ನಡುವೆ ತಮ್ಮ ಕೆಲಸ ಹೇಗೆ ಕಾಣುತ್ತದೆಂಬ ಅರಿವು ಮುಂದಿನ ಕೆತ್ತನೆಗೆ ಹೆಚ್ಚು ನೆರವಾಗುತ್ತದೆ. ರಿಬ್ಬನ್ನಿನ ಮಾತು ಬಂದುದರಿಂದ ಒಂದು ಸಂಗತಿಯನ್ನು ಹೇಳಿಬಿಡುತ್ತೇನೆ: ಅಮೆರಿಕದಲ್ಲಿ ಪ್ರಥಮಕ್ಕೆ ನೀಲಿ, ದ್ವಿತೀಯಕ್ಕೆ ಕೆಂಪು, ಗಡಿ ದಾಟಿ ಕೆನಡಾಕ್ಕೆ ಹೋದರೆ ಕೆಂಪೇ ಪ್ರಥಮ.

ಹಂತದ ನಂತರ ವಸ್ತು. ಮನುಷ್ಯಾಕೃತಿ, ಪ್ರಾಣಿ, ಹಕ್ಕಿ, ಮೀನು, ಉಬ್ಬುಕೆತ್ತನೆ, ಮರದ ತೊಗಟೆಯಲ್ಲಿ ಕೆತ್ತಿದ ಮುಖ ಮತ್ತು ಮನೆಗಳು, ಚಾಕುವಿನಿಂದ ಸಣ್ಣಸಣ್ಣ ತ್ರಿಕೋನ ಚೂರುಗಳನ್ನು ತೆಗೆದು ಮೂಡಿಸುವ ಚಿಪ್ ಕೆತ್ತನೆ, ಊರುಗೋಲು, ಒಂದೇ ಮರದ ತುಂಡಿನಿಂದ ಬಿಡಿಸಿದ ಸರಪಳಿ ಹೀಗೆ ಪಟ್ಟಿ ಉದ್ದವಿದೆ. ಇವುಗಳಲ್ಲಿ ಹೆಚ್ಚಿನವು ತಾವೇ ತಮ್ಮನ್ನು ಗುರುತಿಸಿಕೊಳ್ಳುತ್ತವೆ. ಗೊಂದಲ ಹುಟ್ಟುವುದು ಮನುಷ್ಯಾಕೃತಿಯಲ್ಲಿ, ಏಕೆಂದರೆ ಅದನ್ನು ಮತ್ತೆ ಮೂರಾಗಿ ಒಡೆದಿರುತ್ತಾರೆ: ಯಥಾರ್ಥ, ವಿಡಂಬನೆ ಮತ್ತು ಶೈಲೀಕೃತ (ಕಂಡದ್ದನ್ನು ಹಾಗೆಯೇ ಮೂಡಿಸದೆ ಒಂದು ಶೈಲಿಗೆ ತಕ್ಕಂತೆ ರೂಪಿಸಿದ್ದು). ವಿಡಂಬನಾಕೃತಿಯೆಂದರೆ ಮೂಗು, ಕಿವಿ, ಪಾದಗಳನ್ನು ಬೇಕೆಂದೇ ಹಿಗ್ಗಿಸಿ ಒಂದು ಸಣ್ಣ ಕಥೆ ಹೇಳುವ ಬೊಂಬೆ. ಅಮೆರಿಕದಲ್ಲಿ ಈ ಪ್ರಕಾರಕ್ಕೆ ದೊಡ್ಡ ಅಭಿಮಾನಿ ಬಳಗವಿದ್ದು, 1990ರಲ್ಲಿ ಕ್ಯಾರಿಕೇಚರ್ ಕಾರ್ವರ್ಸ್ ಆಫ್ ಅಮೆರಿಕ ಎಂಬ ಪ್ರತ್ಯೇಕ ಸಂಘವೇ ಹುಟ್ಟಿಕೊಂಡಿತು.

ನಿಮ್ಮ ವೇಣುಗೋಪಾಲನ ವಿಷಯ ಇಲ್ಲಿ ಬರುತ್ತದೆ. ಮೂರ್ತಿಗೆ ಕೈಕಾಲು, ಮುಖ ಇರುವುದರಿಂದ ಯಥಾರ್ಥ ಮನುಷ್ಯಾಕೃತಿಯ ವಿಭಾಗವನ್ನು ಗುರುತು ಮಾಡುವುದು ಸಹಜವಾದರೂ ಅದು ನಿಮಗೆ ಅನುಕೂಲವಾದ ಮೇಜಲ್ಲ. ಆ ವಿಭಾಗದ ತೀರ್ಪುಗಾರರು ಅಂಗರಚನೆಯನ್ನು ಹುಡುಕುತ್ತಾರೆ: ಕೊರಳೆಲುಬು ಭುಜವನ್ನು ಸೇರುವ ಜಾಗ, ಮುಂಗೈಯ ನರ, ದೇಹದ ಭಾರ ಒಂದು ಕಾಲಿನ ಮೇಲೆ ಬಿದ್ದಾಗ ಸೊಂಟ ಓರೆಯಾಗುವ ರೀತಿ, ಬಟ್ಟೆಯ ಮಡಿಕೆಯ ಕೆಳಗೆ ಮೊಣಕಾಲಿನ ಇರವು. ನಮ್ಮ ಶಿಲ್ಪ ಪರಂಪರೆಯಾದರೋ ಎಲುಬನ್ನೂ ಸ್ನಾಯುವನ್ನೂ ಬೇಕೆಂದೇ ಮರೆಮಾಡಿ ನುಣುಪಾದ, ಉಸಿರು ತುಂಬಿದಂತಿರುವ ಮೈಯನ್ನು ಕಡೆಯುತ್ತದೆ. ಅಳತೆಯ ಪದ್ಧತಿಯೂ ಬೇರೆ. ತಾಲಮಾನದಲ್ಲಿ ಒಂದು ತಾಲವೆಂದರೆ ಹಣೆಯ ಕೂದಲಂಚಿನಿಂದ ಗಲ್ಲದವರೆಗಿನ ಮುಖದ ಉದ್ದ, ಅಂದರೆ 12 ಅಂಗುಲ (ಈ ಅಂಗುಲ ಇಂಚಲ್ಲ, ಮೂರ್ತಿಯ ಗಾತ್ರಕ್ಕೆ ತಕ್ಕಂತೆ ಬದಲಾಗುವ ಅಳತೆ). ನವತಾಲದ ಮೂರ್ತಿ ಒಟ್ಟು 108 ಅಂಗುಲ. ಪಾಶ್ಚಾತ್ಯ ಚಿತ್ರಕಲಾ ಶಿಕ್ಷಣದಲ್ಲಿ ಎಣಿಸುವುದು ನೆತ್ತಿಯಿಂದ ಗಲ್ಲದವರೆಗಿನ ಪೂರ್ಣ ತಲೆಯನ್ನು, ಮತ್ತು ದೇಹವನ್ನು ಏಳೂವರೆ ಅಥವಾ ಎಂಟು ತಲೆಯ ಎತ್ತರವೆಂದು ಲೆಕ್ಕ ಹಾಕುತ್ತಾರೆ. ಒಂಬತ್ತು ಮತ್ತು ಎಂಟು ಎಂಬ ಅಂಕಿಗಳನ್ನು ಪಕ್ಕಪಕ್ಕ ಇಟ್ಟು ಇದು ಉದ್ದ, ಅದು ಗಿಡ್ಡ ಎನ್ನುವಂತಿಲ್ಲ. ಅಳೆಯುವ ತುಂಡೇ ಬೇರೆಯಾಗಿರುವಾಗ ತೀರ್ಪುಗಾರರ ಕಣ್ಣು ತಪ್ಪೆಂದು ಕಾಣುವುದು ಎತ್ತರವನ್ನಲ್ಲ, ಅಗಲವಾದ ಭುಜ, ಕಿರಿದಾದ ನಡು, ಕಿವಿಯತ್ತ ಚಾಚಿದ ಕಣ್ಣುಗಳನ್ನು. ಶೈಲೀಕೃತ ವಿಭಾಗದಲ್ಲಿ ಇವೇ ಗುಣಗಳು ಕೃತಿಯ ಪರವಾಗಿ ನಿಲ್ಲುತ್ತವೆ. ಪಂಚತಾಲದಲ್ಲಿ ಕಡೆಯುವ ಗಣಪತಿಯ ವಿಷಯದಲ್ಲಂತೂ ಸಂಶಯಕ್ಕೆ ಎಡೆಯೇ ಇಲ್ಲ. ಕೆಲವು ಪ್ರದರ್ಶನಗಳಲ್ಲಿ ಧಾರ್ಮಿಕ ವಸ್ತುಗಳಿಗೆ ಬೇರೆ ವಿಭಾಗವಿರುತ್ತದೆ. ಇದ್ದರೆ ಅದೇ ಸರಿ, ಆದರೆ ಅಲ್ಲಿ ಉಳಿದವು ಬಹುತೇಕ ಕ್ರೈಸ್ತ ಸಂತರ ಮೂರ್ತಿಗಳಾಗಿರುತ್ತವೆ ಎಂಬುದನ್ನು ತಿಳಿದಿರಿ. ಮೂರ್ತಿಯ ಪಕ್ಕದಲ್ಲಿ ಎರಡು ಸಾಲಿನ ವಿವರಣೆ ಇಡಲು ಅವಕಾಶವಿದ್ದರೆ ತಾಲಮಾನದ ಪ್ರಸ್ತಾಪವನ್ನು ಖಂಡಿತ ಮಾಡಿ.

ಮೂರನೆಯದು ಅಂತಿಮ ಲೇಪ. ಬಣ್ಣ ಹಚ್ಚಿದ್ದು ಮತ್ತು ಮರದ ಸಹಜ ಬಣ್ಣವನ್ನು ಉಳಿಸಿಕೊಂಡದ್ದು ಎಂದು ಅನೇಕ ಕಡೆ ಬೇರೆ ಮಾಡುತ್ತಾರೆ, ಮತ್ತು ಇದು ನ್ಯಾಯವಾದ ವಿಂಗಡಣೆ. ಬಣ್ಣ ಅಂಟಿನ ಗೆರೆಯನ್ನೂ ತುಂಬಿದ ಬಿರುಕನ್ನೂ ಮುಚ್ಚಬಲ್ಲದು. ಎಣ್ಣೆ ಅಥವಾ ಮೇಣ ಮಾತ್ರ ಹಚ್ಚಿದ ಮೈಯಲ್ಲಿ ಏನನ್ನೂ ಬಚ್ಚಿಡಲಾಗುವುದಿಲ್ಲ. ಬಣ್ಣವಿಲ್ಲದ ನಿಮ್ಮ ಮೂರ್ತಿಯನ್ನು ಹಗಲ ಬೆಳಕಿನಲ್ಲಿ, ಓರೆಯಾಗಿ ಹಿಡಿದು ಒಮ್ಮೆ ನೋಡಿ: ನಾರಿಗೆ ಅಡ್ಡವಾಗಿ ಉಜ್ಜಿದ ಸ್ಯಾಂಡ್‌ಪೇಪರಿನ ಗೀರುಗಳು ಎಣ್ಣೆ ಬಿದ್ದ ಮೇಲೆಯೇ ಎದ್ದು ಕಾಣುತ್ತವೆ.

ತೀರ್ಪಿನ ಕ್ರಮವನ್ನು ಹೇಳಬೇಕು. ಸಾಮಾನ್ಯವಾಗಿ ಒಬ್ಬರಿಗಿಂತ ಹೆಚ್ಚು ತೀರ್ಪುಗಾರರಿರುತ್ತಾರೆ, ಕೃತಿಗಳಿಗೆ ಹೆಸರಿನ ಬದಲು ಸಂಖ್ಯೆಯ ಚೀಟಿ ಇರುತ್ತದೆ, ಸಾರ್ವಜನಿಕರನ್ನು ಹೊರಗಿಟ್ಟು ಕೆಲಸ ನಡೆಯುತ್ತದೆ. ಮೊದಲು ಸ್ವಲ್ಪ ದೂರದಿಂದ ನೋಡುತ್ತಾರೆ. ಆ ನೋಟದಲ್ಲಿ ಭಂಗಿ, ಸಮತೋಲ, ಒಟ್ಟು ಆಕಾರ ನಿರ್ಣಾಯಕವಾಗುತ್ತವೆ, ಮತ್ತು ಎಷ್ಟೋ ಕೃತಿಗಳು ಅಲ್ಲಿಯೇ ಹಿಂದೆ ಸರಿಯುತ್ತವೆ. ಉಳಿದವುಗಳನ್ನು ಹತ್ತಿರದಿಂದ, ಟಾರ್ಚ್ ಹಿಡಿದು ನೋಡುವವರೂ ಇದ್ದಾರೆ. ಎರಡು ತಲಗಳು ಸೇರುವ ಮೂಲೆಯಲ್ಲಿ ಉಳಿ ಸ್ವಚ್ಛವಾಗಿ ಕಡಿದಿದೆಯೇ ಅಥವಾ ನಾರಿನ ತುಪ್ಪಳ ಉಳಿದಿದೆಯೇ, ಪೆನ್ಸಿಲ್ ಗುರುತು ಅಳಿಸದೆ ಬಿಟ್ಟಿದೆಯೇ, ಬೆರಳುಗಳ ನಡುವಿನ ಮತ್ತು ಕೊಳಲಿನ ಹಿಂದಿನ ಮರವನ್ನು ತೆಗೆದಿದ್ದಾರೆಯೇ ಇಲ್ಲವೇ ಕೈ ತಲುಪಲಿಲ್ಲವೆಂದು ಹಾಗೆಯೇ ಬಿಟ್ಟಿದ್ದಾರೆಯೇ, ಬೆನ್ನಿನ ಕಡೆಯ ಕೆಲಸ ಮುಂದಿನಷ್ಟೇ ಶ್ರದ್ಧೆಯದೇ ಎಂಬಂಥವು ಇಲ್ಲಿ ಎಣಿಕೆಗೆ ಬರುತ್ತವೆ. ಕೊನೆಯದನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ಗೋಡೆಗೆ ಆನಿಸಿ ಪೂಜಿಸುವ ಮೂರ್ತಿಗಳನ್ನು ನೋಡಿ ಬೆಳೆದ ನಮ್ಮಲ್ಲಿ ಬೆನ್ನನ್ನು ಅಲಕ್ಷಿಸುವ ಅಭ್ಯಾಸವಿದೆ, ಮತ್ತು ದುಂಡು ಶಿಲ್ಪದ ಮೇಜಿನಲ್ಲಿ ತೀರ್ಪುಗಾರರು ಸುತ್ತಲೂ ನಡೆದು ನೋಡುತ್ತಾರೆ.

ಮರದ ನಾರಿನ ದಿಕ್ಕು ಕೂಡ ಪರಿಣತರ ಕಣ್ಣಿಗೆ ಬೀಳುತ್ತದೆ. ತೆಳ್ಳಗಿನ ಕೊಳಲನ್ನು ನಾರಿಗೆ ಅಡ್ಡವಾಗಿ ಅದೇ ತುಂಡಿನಲ್ಲಿ ಉಳಿಸಿಕೊಂಡಿದ್ದರೆ ಅದು ಸಾಹಸ, ಮತ್ತು ಕಷ್ಟದ ಕೆಲಸಕ್ಕೆ ಬೆಲೆ ಕೊಡುವವರು ಅದನ್ನು ಗಮನಿಸುತ್ತಾರೆ. ಬೇರೆ ತುಂಡಿನಿಂದ ಮಾಡಿ ಸೇರಿಸಿದ್ದರೆ ತಪ್ಪೇನಿಲ್ಲ, ಬೆಸುಗೆ ಕಾಣದಿರಬೇಕಷ್ಟೆ. ಅಂಕಪಟ್ಟಿ ಬಳಸುವ ಪ್ರದರ್ಶನಗಳಲ್ಲಿ ಕೌಶಲ, ಸ್ವಂತಿಕೆ, ರಚನೆ, ಲೇಪ ಎಂದು ಅಂಕಗಳನ್ನು ಹಂಚಿರುತ್ತಾರೆ. ಅನೇಕ ಕಡೆ ಅಂಕಗಳೇ ಇಲ್ಲದೆ ಬರೀ ಹೋಲಿಕೆಯಿಂದ ಕ್ರಮ ನಿಗದಿಯಾಗುತ್ತದೆ. ಅಂಕಪಟ್ಟಿ ಹೆಚ್ಚು ನ್ಯಾಯಯುತವೆಂದು ಮೇಲ್ನೋಟಕ್ಕೆ ತೋರಿದರೂ ಸಣ್ಣ ತಪ್ಪುಗಳಿಲ್ಲದ ಸಪ್ಪೆ ಕೃತಿ ಅದರಲ್ಲಿ ಮೇಲೆ ಬರುವ ಅಪಾಯವಿರುವುದರಿಂದ ಹೋಲಿಕೆಯ ಪದ್ಧತಿಯೇ ನನಗೆ ಹಿಡಿಸುತ್ತದೆ. ವಿಭಾಗದಲ್ಲಿ ಒಂದೇ ಕೃತಿಯಿದ್ದರೂ ಅದು ಯೋಗ್ಯವೆನಿಸದಿದ್ದರೆ ಪ್ರಥಮ ಬಹುಮಾನವನ್ನು ತಡೆಹಿಡಿಯುವ ಅಧಿಕಾರವನ್ನು ಕೆಲವು ನಿಯಮಾವಳಿಗಳು ತೀರ್ಪುಗಾರರಿಗೆ ಕೊಟ್ಟಿರುತ್ತವೆ. ವಿಭಾಗಗಳ ವಿಜೇತರನ್ನು ಮತ್ತೆ ಹೋಲಿಸಿ ಇಡೀ ಪ್ರದರ್ಶನದ ಶ್ರೇಷ್ಠ ಕೃತಿಯನ್ನು ಆರಿಸುತ್ತಾರೆ.

ಅನರ್ಹತೆಗೆ ಮುಖ್ಯ ಕಾರಣ ಒಂದೇ: ಕೆಲಸ ಪೂರ್ತಿಯಾಗಿ ಸ್ಪರ್ಧಿಯದಾಗಿರದಿರುವುದು. ಯಂತ್ರದಲ್ಲಿ ಅರೆಬರೆ ಆಕಾರ ಕೊಟ್ಟು ಮಾರುವ ತುಂಡುಗಳನ್ನು ಕೊಂಡು ಮುಗಿಸಿದ ಕೃತಿಗೆ ಹೊಸಬರ ಹಂತದಲ್ಲಿ ಕೆಲವೆಡೆ ಅವಕಾಶವಿದ್ದರೂ ಮೇಲಿನ ಹಂತಗಳಲ್ಲಿ ಇರುವುದಿಲ್ಲ. ಗುರುವಿನ ತರಗತಿಯಲ್ಲಿ ಕುಳಿತು, ಅವರು ನಡುನಡುವೆ ಉಳಿ ಹಿಡಿದು ತಿದ್ದಿದ ಕೃತಿಯನ್ನು ಸ್ವಂತದ್ದೆಂದು ಇಡಬಾರದು. ಕೈಯಲ್ಲಿ ಹಿಡಿದು ಬಳಸುವ ವಿದ್ಯುತ್ ಉಪಕರಣಗಳಿಗೆ ಸಾಮಾನ್ಯವಾಗಿ ನಿಷೇಧವಿಲ್ಲ. ಕಂಪ್ಯೂಟರ್ ನಿರ್ದೇಶಿಸುವ ಕೊರೆಯುವ ಯಂತ್ರಕ್ಕೆ ಮತ್ತು ಮಾದರಿಯನ್ನು ಅನುಸರಿಸಿ ಕಡೆಯುವ ನಕಲು ಯಂತ್ರಕ್ಕೆ ಇದೆ, ಇಲ್ಲವಾದರೆ ಬೇರೆಯೇ ವಿಭಾಗ. ಬೇರೆಯವರ ವಿನ್ಯಾಸವನ್ನು ನೋಡಿ ಕೆತ್ತಿದ್ದರೆ ಪ್ರವೇಶಪತ್ರದಲ್ಲಿ ಹೇಳಿಬಿಡುವುದು ಒಳ್ಳೆಯದು. ಅದರಿಂದ ಸ್ವಂತಿಕೆಯಲ್ಲಿ ಸ್ವಲ್ಪ ಹಿನ್ನಡೆಯಾದೀತು, ಮುಚ್ಚಿಟ್ಟು ಸಿಕ್ಕಿಬಿದ್ದರೆ ಕೃತಿ ಹೊರಗೆ ಬೀಳುತ್ತದೆ.

ನಿಯಮಗಳು ಎಷ್ಟು ನಿಖರವಾಗಬಲ್ಲವೆಂದು ತಿಳಿಯಲು ಹಕ್ಕಿಗಳ ಸ್ಪರ್ಧೆಗಳನ್ನು ನೋಡಬೇಕು. ಬಾತುಕೋಳಿಗಳನ್ನು ಸೆಳೆಯಲು ಬೇಟೆಗಾರರು ನೀರಿಗೆ ಬಿಡುತ್ತಿದ್ದ ಮರದ ಬಾತುಗಳೇ ಡಿಕಾಯ್‌ಗಳು, ಮತ್ತು ಅವುಗಳ ಸ್ಪರ್ಧೆ 1923ರಷ್ಟು ಹಿಂದೆಯೇ ನ್ಯೂಯಾರ್ಕ್ ರಾಜ್ಯದ ಲಾಂಗ್ ಐಲೆಂಡಿನ ಬೆಲ್‌ಪೋರ್ಟ್‌ನಲ್ಲಿ ನಡೆದಿತ್ತು. ವಲಸೆ ಹಕ್ಕಿಗಳ ರಕ್ಷಣೆಗೆಂದು 1918ರಲ್ಲಿ ಬಂದ ಕಾನೂನು ಮಾರಾಟಕ್ಕಾಗಿ ನಡೆಯುತ್ತಿದ್ದ ಬೇಟೆಯನ್ನು ನಿಲ್ಲಿಸಿತು. ಅದರಿಂದ ಡಿಕಾಯ್‌ಗಳ ಬೇಡಿಕೆ ಇಳಿಯುತ್ತ ಹೋಗಿ ಕಸುಬು ಮೆಲ್ಲಗೆ ಕಲೆಯ ಕಡೆಗೆ ಹೊರಳಿತು. ಮೇರಿಲ್ಯಾಂಡಿನ ಕ್ರಿಸ್‌ಫೀಲ್ಡಿನಲ್ಲಿ ಕ್ಷೌರದ ಅಂಗಡಿ ನಡೆಸುತ್ತ ಬಾತುಗಳನ್ನು ಕೆತ್ತಿದ ಲೆಮ್ ಮತ್ತು ಸ್ಟೀವ್ ವಾರ್ಡ್ ಸೋದರರ ಹೆಸರಿನಲ್ಲಿ 1971ರಿಂದ ನಡೆಯುತ್ತ ಬಂದ ವಾರ್ಡ್ ವಿಶ್ವ ಚಾಂಪಿಯನ್‌ಷಿಪ್ ಈ ಕ್ಷೇತ್ರದ ಅತ್ಯಂತ ಪ್ರತಿಷ್ಠಿತ ಸ್ಪರ್ಧೆಯಾಗಿ ಬೆಳೆಯಿತು. ಅಲ್ಲಿ ಅಲಂಕಾರಿಕ ಹಕ್ಕಿ ಬೇರೆ, ಬೇಟೆಯ ಡಿಕಾಯ್ ಬೇರೆ. ಮೊದಲನೆಯದರಲ್ಲಿ ಕಾದ ಮೊನೆಯಿಂದ ಗರಿಯ ಒಂದೊಂದು ಎಳೆಯನ್ನೂ ಸುಟ್ಟು ಮೂಡಿಸುತ್ತಾರೆ; ಎರಡನೆಯದರಲ್ಲಿ ಅಂಥ ನಾಜೂಕು ದೋಷವೇ ಆಗುತ್ತದೆ, ಏಕೆಂದರೆ ದೋಣಿಯಲ್ಲಿ ಎಸೆದರೂ ಮುರಿಯದ ಗಟ್ಟಿತನ ಅದಕ್ಕೆ ಬೇಕು. ಡಿಕಾಯ್‌ಗಳನ್ನು ನೀರಿನ ತೊಟ್ಟಿಯಲ್ಲಿ ತೇಲಿಬಿಟ್ಟು ದೂರದಿಂದ ನೋಡುತ್ತಾರೆ. ಮಗುಚಿದ ಬಾತು ತಾನಾಗಿಯೇ ಮೇಲ್ಮುಖವಾಗಬೇಕು, ಜೀವಂತ ಹಕ್ಕಿ ತೇಲುವಷ್ಟೇ ಆಳದಲ್ಲಿ ತೇಲಬೇಕು. ಅಷ್ಟು ಚೆಲುವಾಗಿ ಬಣ್ಣ ಬಳಿದ ಬಾತು ಒಂದು ಪಕ್ಕಕ್ಕೆ ವಾಲಿ ಸೋತರೆ ಅದರಲ್ಲಿ ಅನ್ಯಾಯವಿಲ್ಲ. ನಿಜವಾದ ಗರಿಯನ್ನು ಅಂಟಿಸುವ ಯೋಚನೆ ಬೇಡ. ವಲಸೆ ಹಕ್ಕಿಗಳ ಗರಿಯನ್ನು ಅನುಮತಿಯಿಲ್ಲದೆ ಇಟ್ಟುಕೊಳ್ಳುವುದೇ ಅಮೆರಿಕದಲ್ಲಿ ಕಾನೂನಿಗೆ ವಿರುದ್ಧ.

ಕಾನೂನಿನ ಇನ್ನೊಂದು ಮುಖ ಮರಕ್ಕೆ ಸಂಬಂಧಿಸಿದ್ದು. ಬಾಸ್‌ವುಡ್‌ಗೆ ಯಾವ ತೊಡಕೂ ಇಲ್ಲ. ಮುಂದೆ ಊರಿನಿಂದ ಬೀಟೆ ಮರ ತರಿಸಿ ಕೆತ್ತುವ ಆಲೋಚನೆಯಿದ್ದರೆ, ಬೀಟೆಯೂ ಸೇರಿದಂತೆ ಡಾಲ್ಬರ್ಜಿಯಾ ಕುಲದ ಬಹುತೇಕ ಎಲ್ಲ ಮರಗಳೂ 2017ರ ಜನವರಿಯಿಂದ, ಅಳಿವಿನ ಭೀತಿಯಲ್ಲಿರುವ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೆಯ ಅನುಬಂಧದಲ್ಲಿವೆಯೆಂಬುದನ್ನು ಮರೆಯದೆ ಗಡಿ ದಾಟಿಸುವ ಮೊದಲೇ ಕಾಗದಪತ್ರಗಳನ್ನು ವಿಚಾರಿಸಿ. ಸಾಗರ, ಸೊರಬದ ಗುಡಿಗಾರರ ಶ್ರೀಗಂಧದ ಕೆತ್ತನೆಯಂತೆ ಅಂಗೈಯಗಲದಲ್ಲಿ ಬಳ್ಳಿ, ಹೂವು, ಮೂರ್ತಿ ಎಲ್ಲವನ್ನೂ ತುಂಬುವ ಕೆಲಸಕ್ಕೆ ಕಿರುಕೃತಿಗಳ ವಿಭಾಗ ಹೊಂದುತ್ತದೆ, ಆದರೆ ಅದರ ಗರಿಷ್ಠ ಅಳತೆಯಲ್ಲಿ ಪೀಠವೂ ಸೇರಿದೆಯೇ ಎಂದು ಓದಿ ನೋಡಬೇಕು.

ಹಾಗಾದರೆ ನೀವು ಮಾಡಬೇಕಾದದ್ದು: ಮಧ್ಯಮ ಹಂತ, ಶೈಲೀಕೃತ ಮನುಷ್ಯಾಕೃತಿ, ಸಹಜ ಲೇಪ ಎಂದು ಗುರುತು ಮಾಡಿ, ಪ್ರದರ್ಶನದ ಸಂಚಾಲಕರಿಗೆ ಮುಂಚಿತವಾಗಿ ಮೂರ್ತಿಯ ಮುಂದಿನ ಮತ್ತು ಹಿಂದಿನ ಚಿತ್ರಗಳನ್ನು ಕಳಿಸಿ ಅವರ ಅಭಿಪ್ರಾಯ ಕೇಳಿ. ತಪ್ಪು ವಿಭಾಗದಲ್ಲಿರುವ ಕೃತಿಯನ್ನು ಸರಿಯಾದ ಕಡೆಗೆ ಸರಿಸುವ ಅಧಿಕಾರ ಅನೇಕ ಪ್ರದರ್ಶನಗಳಲ್ಲಿ ಸಮಿತಿಗೆ ಇರುತ್ತದೆಯಾದರೂ ತೀರ್ಪಿನ ದಿನದ ಗಡಿಬಿಡಿಯಲ್ಲಿ ಅದನ್ನು ನಂಬಿ ಕೂರುವುದು ಜಾಣತನವಲ್ಲ. ಕೃತಿಯನ್ನು ಎಷ್ಟು ತಿಂಗಳುಗಳ ಒಳಗೆ ಮುಗಿಸಿರಬೇಕು, ಹಿಂದೆ ಬೇರೆ ಕಡೆ ಬಹುಮಾನ ಪಡೆದದ್ದನ್ನು ಇಡಬಹುದೇ ಎಂಬ ಎರಡು ನಿಯಮಗಳನ್ನೂ ನೋಡಿಕೊಳ್ಳಿ. ತೀರ್ಪಿನ ನಂತರ ಸ್ಪರ್ಧಿಗಳೊಡನೆ ಮಾತಾಡಲು ತೀರ್ಪುಗಾರರು ಸಮಯ ಕೊಡುವ ಪ್ರದರ್ಶನವಾದರೆ ತಪ್ಪದೆ ಹೋಗಿ. ಅಲ್ಲಿ ಮೂರ್ತಿ ಹೇಗಿದೆ ಎಂದು ಕೇಳಿದರೆ ಚೆನ್ನಾಗಿದೆ ಎಂಬ ಸೌಜನ್ಯದ ಮಾತಷ್ಟೇ ಸಿಗುತ್ತದೆ. ಅದೇ ಮೇಜಿನಲ್ಲಿ ಮೊದಲು ಬಂದ ಕೃತಿಯನ್ನು ತೋರಿಸಿ, ಇದರ ಮುಂದೆ ನನ್ನದು ಎಲ್ಲಿ ಹಿಂದೆ ಬಿತ್ತು ಎಂದು ಕೇಳಿ.