ಪಿಸಿಸಿಎನ್ ತಯಾರಿ: ಪೊಟ್ಯಾಸಿಯಂ ಏರಿದಾಗ ಮೊದಲು ಏನು?

ಅಮೆರಿಕದಲ್ಲಿ ಸ್ಟೆಪ್‌ಡೌನ್ (ಐಸಿಯುಗಿಂತ ಒಂದು ಹಂತ ಕೆಳಗಿನ), ಟೆಲಿಮೆಟ್ರಿ (ಹೃದಯ ಬಡಿತವನ್ನು ಸತತ ಗಮನಿಸುವ) ವಾರ್ಡುಗಳ ನರ್ಸ್‌ಗಳಿಗಾಗಿ ಅಲ್ಲಿನ ತೀವ್ರ ನಿಗಾ ನರ್ಸ್‌ಗಳ ಸಂಘವಾದ ಎಎಸಿಎನ್ ನಡೆಸುವ ಪರೀಕ್ಷೆ ಪಿಸಿಸಿಎನ್. 125 ಪ್ರಶ್ನೆ, ಎರಡೂವರೆ ಗಂಟೆ. ಅಂಕ ಸಿಗುವುದು 100ಕ್ಕೆ ಮಾತ್ರ. ಉಳಿದ 25 ಪ್ರಾಯೋಗಿಕ, ಆದರೆ ಅವು ಯಾವುವೆಂದು ತಿಳಿಯದು. ಹಾಗಾಗಿ ವಿಚಿತ್ರ ಪ್ರಶ್ನೆಯೊಂದಕ್ಕೆ ಅಂಟಿಕೊಂಡು ಕೂರಬೇಡಿ, ಒಂದಕ್ಕೆ ಸಿಗುವುದೇ 72 ಸೆಕೆಂಡು. ನೂರಕ್ಕೆ 80 ಪಾಲು ಕ್ಲಿನಿಕಲ್ ನಿರ್ಧಾರ, ಅದರಲ್ಲಿ ಹೃದಯ ಮತ್ತು ರಕ್ತನಾಳದ ಪಾಲೇ ದೊಡ್ಡದು.

ಓದಿದವರೂ ಅಂಕ ಕಳೆದುಕೊಳ್ಳುವ ಜಾಗ ಒಂದೇ. ನಾಲ್ಕು ಆಯ್ಕೆಗಳಲ್ಲಿ ಎರಡು ಮೂರು ಸರಿಯಾದ ಚಿಕಿತ್ಸೆಗಳೇ ಇರುತ್ತವೆ, ಕೇಳುವುದು ಮಾತ್ರ 'ಮೊದಲು ಯಾವುದು' ಎಂದು. ಔಷಧಿಯ ಹೆಸರಿನ ಜೊತೆ ಅದು ಮಾಡುವ ಕೆಲಸ, ಹಿಡಿಯುವ ಸಮಯ ಎರಡೂ ಗೊತ್ತಿರಬೇಕು.

ಉದಾಹರಣೆಗೆ, ಡಯಾಲಿಸಿಸ್ ತಪ್ಪಿಸಿಕೊಂಡ ರೋಗಿ. ಪೊಟ್ಯಾಸಿಯಂ 7.1, ಮಾನಿಟರ್‌ನ ಇಸಿಜಿಯಲ್ಲಿ ಟಿ ಅಲೆ ಚೂಪಾಗಿದೆ, ಕ್ಯೂಆರ್‌ಎಸ್ (ಹೃದಯದ ಕೆಳಕೋಣೆಗಳ ಬಡಿತದ ಗುರುತು) ಅಗಲವಾಗಿದೆ. ಆಯ್ಕೆಗಳು: ಇನ್ಸುಲಿನ್, ಕ್ಯಾಲ್ಸಿಯಂ, ಪೊಟ್ಯಾಸಿಯಂ ಹಿಡಿದಿಡುವ ಪುಡಿ, ಡಯಾಲಿಸಿಸ್. ಉತ್ತರ ಕ್ಯಾಲ್ಸಿಯಂ. ಅದು ಪೊಟ್ಯಾಸಿಯಂ ಅನ್ನು ಒಂದಿಷ್ಟೂ ಇಳಿಸುವುದಿಲ್ಲ, ಹೃದಯದ ಜೀವಕೋಶದ ಪೊರೆಯನ್ನು ಸ್ಥಿರಗೊಳಿಸುತ್ತದೆ, ಅದೂ ಕೆಲವೇ ನಿಮಿಷಗಳಲ್ಲಿ. ಸಾಮಾನ್ಯ ಡೋಸ್ 10% ಕ್ಯಾಲ್ಸಿಯಂ ಗ್ಲುಕೋನೇಟ್ 10 ಎಂಎಲ್, 2ರಿಂದ 5 ನಿಮಿಷದಲ್ಲಿ ನಿಧಾನವಾಗಿ, ಮಾನಿಟರ್ ನೋಡುತ್ತಲೇ. 5 ನಿಮಿಷದ ನಂತರವೂ ಇಸಿಜಿ ಬದಲಾಗದಿದ್ದರೆ ಮತ್ತೊಮ್ಮೆ ಕೊಡುತ್ತಾರೆ. ಪರಿಣಾಮ ಉಳಿಯುವುದು 30–60 ನಿಮಿಷ ಅಷ್ಟೇ. ಬೈಕಾರ್ಬನೇಟ್ ಹೋಗುತ್ತಿರುವ ಲೈನಿನಲ್ಲೇ ಇದನ್ನು ಕೊಟ್ಟರೆ ಗಟ್ಟಿಯಾಗಿ ಲೈನ್ ಕಟ್ಟಿಕೊಳ್ಳುತ್ತದೆ.

ಆ ಬಿಡುವಿನಲ್ಲೇ ರೆಗ್ಯುಲರ್ ಇನ್ಸುಲಿನ್ 10 ಯುನಿಟ್ ಐವಿ, ಜೊತೆಗೆ 50% ಡೆಕ್ಸ್‌ಟ್ರೋಸ್ (ಸಕ್ಕರೆ ದ್ರಾವಣ) 50 ಎಂಎಲ್. ಇದು ಪೊಟ್ಯಾಸಿಯಂ ಅನ್ನು ಜೀವಕೋಶದೊಳಕ್ಕೆ ತಳ್ಳುತ್ತದೆ, ದೇಹದಿಂದ ಹೊರಹಾಕುವುದಿಲ್ಲ. ರಕ್ತದ ಸಕ್ಕರೆ ಆಗಲೇ 250 ದಾಟಿದ್ದರೆ ಡೆಕ್ಸ್‌ಟ್ರೋಸ್ ಸಾಮಾನ್ಯವಾಗಿ ಬೇಡ. ಕಿಡ್ನಿ ಕೆಟ್ಟವರಲ್ಲಿ ಇನ್ಸುಲಿನ್ ಹೆಚ್ಚು ಹೊತ್ತು ಉಳಿಯುವುದರಿಂದ ಸಕ್ಕರೆ ತಡವಾಗಿ ಕುಸಿಯಬಹುದು. 'ಮೂರು ಗಂಟೆಯ ನಂತರ ರೋಗಿ ಬೆವರಿ ಗೊಂದಲಗೊಂಡಿದ್ದಾರೆ' ಎಂದು ಪ್ರಶ್ನೆ ಬಂದರೆ ಮೊದಲು ಗ್ಲುಕೋಮೀಟರ್. ಪೊಟ್ಯಾಸಿಯಂ ನಿಜವಾಗಿ ಹೊರಹೋಗುವುದು ಮೂತ್ರ, ಮಲ ಇಲ್ಲವೇ ಡಯಾಲಿಸಿಸ್ ಮೂಲಕ. ಇಸಿಜಿ ಸರಿಯಿದ್ದು, ರೋಗಿ ಚೆನ್ನಾಗಿದ್ದು, ಸ್ಯಾಂಪಲ್‌ನ ರಕ್ತಕಣಗಳು ಒಡೆದಿವೆ ಎಂದು ಲ್ಯಾಬ್ ತಿಳಿಸಿದ್ದರೆ ಮಾತ್ರ ಮೊದಲ ಹೆಜ್ಜೆ ಮರುಪರೀಕ್ಷೆ.

ಎಬಿಜಿಯಲ್ಲೂ (ಅಪಧಮನಿ ರಕ್ತದ ಅನಿಲ ಪರೀಕ್ಷೆ) ಬಲೆ ಇಂಥದ್ದೇ. ಆಸ್ತಮಾ ಉಲ್ಬಣಿಸಿದ ರೋಗಿ ನಿಮಿಷಕ್ಕೆ 36 ಸಲ ಉಸಿರಾಡುತ್ತಿದ್ದಾಗ ಕಾರ್ಬನ್ ಡೈಆಕ್ಸೈಡ್ 30 ಇತ್ತು, ಈಗ 42. ಸಂಖ್ಯೆ 35–45ರ ಒಳಗೇ ಇದೆ, ಆದರೂ 'ಸುಧಾರಿಸಿದ್ದಾರೆ' ಎಂದು ಗುರುತು ಹಾಕಬೇಡಿ. ವೀಝ್ (ಉಸಿರಿನ ಸುಯ್ಯೆನ್ನುವ ಸದ್ದು) ಕಡಿಮೆಯಾಗಿ, ಮಂಪರು ಹತ್ತುತ್ತಿದ್ದರೆ ಅವರು ಉಸಿರಾಡಿ ದಣಿದಿದ್ದಾರೆ. ಕೂಡಲೇ ಆಸ್ಪತ್ರೆಯ ತುರ್ತು ನೆರವಿನ ರ‍್ಯಾಪಿಡ್ ರೆಸ್ಪಾನ್ಸ್ ತಂಡವನ್ನು ಕರೆಯಬೇಕು. ಸಿಒಪಿಡಿ (ದೀರ್ಘಕಾಲದ ಶ್ವಾಸಕೋಶದ ಕಾಯಿಲೆ) ರೋಗಿಯಲ್ಲಿ ಪಿಎಚ್ 7.26, ಕಾರ್ಬನ್ ಡೈಆಕ್ಸೈಡ್ 72 ಇದ್ದರೆ ಬೈಪ್ಯಾಪ್ (ಮಾಸ್ಕ್ ಮೂಲಕ ಒತ್ತಡದಲ್ಲಿ ಗಾಳಿ ಕೊಡುವ ಯಂತ್ರ) ಸರಿ, ಆಮ್ಲಜನಕದ ಗುರಿ 88–92%. ಆದರೆ ವಾಂತಿ ಮಾಡುತ್ತಾ ಪ್ರಜ್ಞೆ ತಪ್ಪುತ್ತಿರುವವರಿಗೆ ಮಾಸ್ಕ್ ಕಟ್ಟಬಾರದು, ವಾಂತಿ ಶ್ವಾಸಕೋಶಕ್ಕೆ ಇಳಿಯುತ್ತದೆ.

ಹಾರ್ಟ್ ಬ್ಲಾಕ್‌ಗಳಲ್ಲಿ (ಹೃದಯದ ವಿದ್ಯುತ್ ಸಂಕೇತಕ್ಕೆ ಬೀಳುವ ತಡೆ) ಎರಡನ್ನು ಬೇರ್ಪಡಿಸಲು ಬಂದರೆ ಸಾಕಷ್ಟು ಗೆದ್ದ ಹಾಗೆ. ಪಿಆರ್ ಅಂತರ (ಸಂಕೇತ ಮೇಲಿನ ಕೋಣೆಗಳಿಂದ ಕೆಳಕೋಣೆಗಳಿಗೆ ತಲುಪಲು ಹಿಡಿಯುವ ಸಮಯ) ಉದ್ದವಾಗುತ್ತಾ ಹೋಗಿ ಒಂದು ಬಡಿತ ಬಿಟ್ಟರೆ ಮೊಬಿಟ್ಜ್ ಒಂದು. ಪಿಆರ್ ಬದಲಾಗದೆ ಏಕಾಏಕಿ ಬಡಿತ ಬಿಟ್ಟರೆ ಮೊಬಿಟ್ಜ್ ಎರಡು. ಈ ಎರಡನೆಯದರಲ್ಲಿ ಬಡಿತ ಹೆಚ್ಚಿಸುವ ಅಟ್ರೋಪಿನ್ ನಂಬಿ ಕೂರದೆ, ಹೊರಗಿನಿಂದ ವಿದ್ಯುತ್ ಕೊಟ್ಟು ಹೃದಯ ಬಡಿಸುವ ಪೇಸಿಂಗ್ ಪ್ಯಾಡ್ ಹಚ್ಚಿಟ್ಟುಕೊಳ್ಳಿ.

ಉಳಿದ 20 ಪಾಲು ನೈತಿಕತೆ ಮತ್ತು ವೃತ್ತಿಪರ ಆರೈಕೆ. 'ಅಮ್ಮನಿಗೆ ಕಾಯಿಲೆಯ ವಿಷಯ ಹೇಳಬೇಡಿ' ಎಂದು ಮಗ ಕೇಳಿಕೊಂಡರೆ, ಕರ್ನಾಟಕದ ಆಸ್ಪತ್ರೆಗಳಲ್ಲಿ ಕೆಲಸ ಮಾಡಿ ಬಂದವರ ಕೈ 'ಆಗಲಿ' ಎಂದು ಒಪ್ಪುವ ಆಯ್ಕೆಯತ್ತಲೇ ಹೋಗಬಹುದು. ಈ ಪರೀಕ್ಷೆಯಲ್ಲಿ ನಿರ್ಧಾರ ಅಮ್ಮನದು: ಎಷ್ಟು ತಿಳಿಯಲು ಇಷ್ಟ, ಯಾರ ಮುಂದೆ ಮಾತಾಡಬಹುದು ಎಂದು ಅವರನ್ನೇ ಕೇಳುವ ಆಯ್ಕೆಯನ್ನು ಹುಡುಕಿ.