ಟ್ಯುನೀಷಿಯಾ: ಸುಧಾರಣೆ ಬಂತು, ಕೆಲಸ ಬರಲಿಲ್ಲ

2010ರಲ್ಲಿ ವಿಶ್ವ ಆರ್ಥಿಕ ವೇದಿಕೆಯ ಸ್ಪರ್ಧಾತ್ಮಕತೆಯ ಪಟ್ಟಿಯಲ್ಲಿ ಟ್ಯುನೀಷಿಯಾ 32ನೇ ಸ್ಥಾನದಲ್ಲಿತ್ತು, ಆಫ್ರಿಕಾಕ್ಕೇ ಮೊದಲು. ಆ ವರ್ಷ ಮುಗಿಯುವ ಮೊದಲೇ ಅಲ್ಲಿನ ಜನ ಕೆಲಸ ಕೇಳುತ್ತಾ ಬೀದಿಗಿಳಿದಿದ್ದರು. ಪಟ್ಟಿ ಸುಳ್ಳು ಹೇಳಿರಲಿಲ್ಲ. ಅದು ಅಳೆದದ್ದು ಬೇರೆ, ಜನರಿಗೆ ಬೇಕಿದ್ದದ್ದು ಬೇರೆ.

ಬೇರು 1972ರ ಕಾನೂನಿನಲ್ಲಿದೆ. ಸಹಕಾರಿ ಕೃಷಿಯ ಪ್ರಯೋಗ ನೆಲಕಚ್ಚಿದ ಮೇಲೆ ಪ್ರಧಾನಿ ಹೆದಿ ನುಯಿರಾ ರಫ್ತು ಕಾರ್ಖಾನೆಗಳಿಗೆ ತೆರಿಗೆ ವಿನಾಯಿತಿ ಕೊಟ್ಟರು. ಸೂಸ್, ಮೊನಾಸ್ಟಿರ್‌ನಂಥ ಕರಾವಳಿ ಪಟ್ಟಣಗಳಲ್ಲಿ ಸಿದ್ಧ ಉಡುಪಿನ ಕಾರ್ಖಾನೆಗಳು ಎದ್ದವು. ಬಟ್ಟೆ ಹೊರಗಿನಿಂದ ಬರುತ್ತಿತ್ತು, ಹೊಲಿದು ಯುರೋಪಿಗೆ ಹೋಗುತ್ತಿತ್ತು. ದೇಶದೊಳಗಿನ ಮಾರುಕಟ್ಟೆಗೆ ಮಾತ್ರ ಪರವಾನಗಿಯ ಬೇಲಿ ಹಾಗೇ ಉಳಿಯಿತು.

1983ರ ಕೊನೆಯಲ್ಲಿ ಸಬ್ಸಿಡಿ ಕಡಿತದಿಂದಾಗಿ 80 ಮಿಲ್ಲಿಮ್‌ನ ಬ್ರೆಡ್ಡು 170 ಆಯಿತು (ಸಾವಿರ ಮಿಲ್ಲಿಮ್ ಸೇರಿದರೆ ಅಲ್ಲಿನ ಒಂದು ದಿನಾರ್). ಒಳನಾಡಿನಲ್ಲಿ ಹೊತ್ತಿದ ಗಲಭೆ ರಾಜಧಾನಿಗೂ ಹಬ್ಬಿ ಹತ್ತಾರು ಜನ ಸತ್ತರು. 1984ರ ಜನವರಿ 6ರಂದು ಅಧ್ಯಕ್ಷ ಬುರ್ಗೀಬಾ ಹಳೆಯ ಬೆಲೆಯನ್ನೇ ಮರಳಿಸಿದರು. ಅಂದಿನಿಂದ ಯಾವ ಸರ್ಕಾರಕ್ಕೂ ಬ್ರೆಡ್ಡಿನ ಬೆಲೆ ಮುಟ್ಟುವುದೆಂದರೆ ಕೈ ನಡುಕ.

1986ರಲ್ಲಿ ಅಂತರರಾಷ್ಟ್ರೀಯ ಹಣಕಾಸು ನಿಧಿಯ ಸಾಲದೊಡನೆ ಸುಧಾರಣೆ ಬಂತು. ಮರುವರ್ಷ ಬುರ್ಗೀಬಾರನ್ನು ಕೆಳಗಿಳಿಸಿ ಬೆನ್ ಅಲಿ ಅಧ್ಯಕ್ಷರಾದರು. ಬೆಳವಣಿಗೆ ದರ ಚೆನ್ನಾಗಿಯೇ ಇತ್ತು. ಕಾಲೇಜುಗಳಿಂದ ಪದವೀಧರರು ಸಾಲುಗಟ್ಟಿ ಹೊರಬಂದರು, ಕಾರ್ಖಾನೆಗಳಿಗೆ ಬೇಕಾಗಿದ್ದುದು ಹೊಲಿಗೆಯ ಕೈಗಳು. ಇತ್ತ ದೂರಸಂಪರ್ಕ, ವಿಮಾನಯಾನ, ಬ್ಯಾಂಕಿನಂಥ ಲಾಭದ ಕ್ಷೇತ್ರಗಳಿಗೆ ಪರವಾನಗಿ ಕೊಡುವವರೂ ಪಡೆಯುವವರೂ ಒಂದೇ ಬಳಗದವರು. ವಿಶ್ವಬ್ಯಾಂಕಿನ ಸಂಶೋಧಕರು 2014ರಲ್ಲಿ ಲೆಕ್ಕ ಹಾಕಿದಾಗ, ಬೆನ್ ಅಲಿ ಕುಟುಂಬದ ನಂಟಿನ 220 ಕಂಪನಿಗಳು ಖಾಸಗಿ ವಲಯದ ಲಾಭದಲ್ಲಿ ಶೇ 21ರಷ್ಟನ್ನು ಬಾಚಿಕೊಂಡಿದ್ದವು. ಇದೇ ಬ್ಯಾಂಕು ಹಿಂದೆ ಈ ದೇಶವನ್ನು ಮಾದರಿ ಎಂದು ಹೊಗಳಿತ್ತು ಎಂಬುದನ್ನೂ ಮರೆಯಬಾರದು.

ಒಳನಾಡಿನ ಗಫ್ಸಾದ ಫಾಸ್ಫೇಟ್ ಗಣಿಗಳನ್ನು ನೋಡಿದರೆ ಕಥೆ ಸ್ಪಷ್ಟವಾಗುತ್ತದೆ. ಡಿಎಪಿ ಗೊಬ್ಬರಕ್ಕೆ ಬೇಕಾದ ಫಾಸ್ಫೇಟ್ ಇದೇ. ಯಂತ್ರಗಳು ಬಂದಂತೆ, ಹದಿನಾಲ್ಕು ಸಾವಿರದಷ್ಟಿದ್ದ ನೌಕರರ ಸಂಖ್ಯೆ ಐದು ಸಾವಿರದ ಆಸುಪಾಸಿಗೆ ಇಳಿಯಿತು. 2008ರ ಜನವರಿಯಲ್ಲಿ ಸರ್ಕಾರಿ ಗಣಿ ಕಂಪನಿ ನೇಮಕಾತಿ ಪಟ್ಟಿ ಪ್ರಕಟಿಸಿದಾಗ, ಅದರಲ್ಲಿ ಬಂಧುಬಳಗದವರೇ ತುಂಬಿದ್ದಾರೆಂದು ರದೈಯೆಫ್ ಪಟ್ಟಣದ ಯುವಕರು ಸಿಡಿದೆದ್ದರು. ಪ್ರತಿಭಟನೆ ತಿಂಗಳುಗಟ್ಟಲೆ ನಡೆಯಿತು. ಪೊಲೀಸರು ಅದನ್ನು ತುಳಿದುಹಾಕಿದರು. 2010ರ ಡಿಸೆಂಬರ್ 17ರಂದು ಸಿದಿ ಬೂಝಿದ್‌ನಲ್ಲಿ ತಕ್ಕಡಿ ಕಿತ್ತುಕೊಂಡ ಅಧಿಕಾರಿಗಳ ಮೇಲಿನ ಸಿಟ್ಟಿಗೆ ಮೈಗೆ ಬೆಂಕಿ ಹಚ್ಚಿಕೊಂಡ ಬೀದಿ ವ್ಯಾಪಾರಿ ಮೊಹಮ್ಮದ್ ಬೊಅಜೀಜಿಯನ್ನು ಪತ್ರಿಕೆಗಳು ಪದವೀಧರ ಎಂದು ಬರೆದವು. ಆತ ಶಾಲೆಯನ್ನೂ ಮುಗಿಸಿರಲಿಲ್ಲ. ನಿರುದ್ಯೋಗಿ ಪದವೀಧರರ ಸಂಕಟ ಎಷ್ಟು ಪರಿಚಿತವಾಗಿತ್ತೆಂದರೆ, ಆ ತಪ್ಪನ್ನು ಎಲ್ಲರೂ ನಂಬಿದರು.

ಆ ಬೆಂಕಿ ದೇಶವ್ಯಾಪಿ ದಂಗೆಯಾಗಿ, 2011ರ ಜನವರಿಯಲ್ಲಿ ಬೆನ್ ಅಲಿ ದೇಶ ಬಿಟ್ಟು ಓಡಿದರು. ಈ ಕ್ರಾಂತಿಯ ನಂತರದ ಸರ್ಕಾರಗಳು ಸುಲಭದ ದಾರಿ ಹಿಡಿದವು: ಸಂಬಳದ ಪಟ್ಟಿಯನ್ನು ಉದ್ದ ಮಾಡಿದವು. ಗಣಿ ಕಂಪನಿಯ ಅಡಿಯಲ್ಲಿ ಗಿಡ ನೆಡುವ, ಪರಿಸರ ಕಾಪಾಡುವ ಹೆಸರಿನ ಸಂಸ್ಥೆಗಳು ಸಾವಿರಾರು ಜನರನ್ನು ಸೇರಿಸಿಕೊಂಡವು. ಹಲವರಿಗೆ ಸಂಬಳವಿತ್ತು, ಕೆಲಸವಿರಲಿಲ್ಲ. 2010ರಲ್ಲಿ ಸುಮಾರು 80 ಲಕ್ಷ ಟನ್ ಇದ್ದ ಫಾಸ್ಫೇಟ್ ಉತ್ಪಾದನೆ ಮುಷ್ಕರ, ತಡೆಗಳಿಂದಾಗಿ ಮರುವರ್ಷವೇ ಅದರ ಅರ್ಧಕ್ಕಿಂತ ಕೆಳಗಿಳಿಯಿತು. ಹತ್ತು ವರ್ಷಕ್ಕೂ ಹೆಚ್ಚು ಕಾಲ ಕೆಲಸವಿಲ್ಲದ ಪದವೀಧರರಿಗೆ ಸರ್ಕಾರಿ ನೌಕರಿ ಕೊಡುವ ಕಾನೂನು 2020ರಲ್ಲಿ ಬಂತು. ಅದನ್ನು ಜಾರಿ ಮಾಡಲಾಗದು ಎಂದು ಅಧ್ಯಕ್ಷ ಕೈಸ್ ಸಯೀದ್ ಮರುವರ್ಷವೇ ಹೇಳಿಬಿಟ್ಟರು.

2022ರಲ್ಲಿ ಹಣಕಾಸು ನಿಧಿಯ 190 ಕೋಟಿ ಡಾಲರ್ ಸಾಲಕ್ಕೆ ಪ್ರಾಥಮಿಕ ಒಪ್ಪಂದವಾಗಿತ್ತು. ಸಬ್ಸಿಡಿ ಕಡಿತದ ಷರತ್ತಿಗೆ ಸಯೀದ್ 2023ರ ಏಪ್ರಿಲ್‌ನಲ್ಲಿ ಒಲ್ಲೆ ಎಂದರು. 1984ನ್ನು ನೆನೆದರೆ ಅದು ಅರ್ಥವಾಗುತ್ತದೆ. ಆದರೆ ಬದಲಿಗೆ 2024ರಲ್ಲಿ ಕೇಂದ್ರ ಬ್ಯಾಂಕಿನಿಂದಲೇ 700 ಕೋಟಿ ದಿನಾರ್ ಸಾಲ ಎತ್ತಿದರು. ಖಜಾನೆ ಆ ಹೊತ್ತಿಗೆ ಉಳಿಯಿತು; ಒಳನಾಡಿನ ಯುವಕರಿಗೆ ಕೆಲಸ ಹುಟ್ಟಿಸುವ ಹಣ ಅದಾಗಿರಲಿಲ್ಲ.